ನವಿಲಗುಡ್ಡದ ವಸ್ತಿ

ಸೊಸೆ ಫಾರೆಸ್ಟ್ ಗಾರ್ಡ್ ಆದಾಗಿನಿಂದ ಅಮೃತಮ್ಮನಿಗೆ ಒಂದು ಮಾತು ತಲೆಗೆ ಹೋಗಿರಲಿಲ್ಲ. ಎಮ್ಮೆ ಕಾಯಬೇಕು, ಹೊಲ ಕಾಯಬೇಕು, ಅದು ಸರಿ. ಆದರೆ ಗುಡ್ಡವನ್ನು ಕಾಯುವುದೇಕೆ? ಸುರಪುರದಾಚೆ ಅಜ್ಜ ಮುತ್ತಜ್ಜರ ಕಾಲದಿಂದ ನಿಂತಲ್ಲೇ ನಿಂತಿರುವ ನವಿಲಗುಡ್ಡವನ್ನು ಯಾರು ತಲೆ ಮೇಲೆ ಹೊತ್ತುಕೊಂಡು ಹೋಗುತ್ತಾರೆ?

ರೇವತಿ ಮಾತ್ರ ದಿನಾ ಬೆಳಗ್ಗೆ ಖಾಕಿ ಪ್ಯಾಂಟು ಶರ್ಟು ತೊಟ್ಟು, ಜಡೆಯನ್ನು ಟೊಪ್ಪಿಗೆಯೊಳಗೆ ತುರುಕಿ, ಸ್ಕೂಟಿ ಹತ್ತಿ ಹೋಗುತ್ತಿದ್ದಳು. ಸಂಜೆ ಬಂದು ಸೀರೆಯುಟ್ಟು ರೊಟ್ಟಿ ಬಡಿಯಲು ಕೂತರೆ ಮತ್ತೆ ಅದೇ ಮಿತಮಾತಿನ ಸೊಸೆ. ಅತ್ತೆ ಏನೇ ಅಂದರೂ "ಹೂಂನ್ರಿ ಅತ್ತಿ" ಅನ್ನುವುದು ಬಿಟ್ಟರೆ ಇನ್ನೊಂದು ಮಾತಿಲ್ಲ. ಗುಡ್ಡದಲ್ಲಿ ನಿನ್ನ ಹೆಂಡತಿ ಏನು ಮಾಡುತ್ತಾಳೆಂದು ಮಗ ಭೀಮುವನ್ನು ಕೇಳಿದರೆ, ಅವನು "ತಿರಗ್ತಾಳಬೇ" ಎಂದು ಹೇಳಿ ಹುಣಸಗಿ ಬಸ್ಸಿನಲ್ಲಿ ಟಿಕೆಟ್ ಹರಿಯಲು ಓಡುತ್ತಿದ್ದ.

ದೀಪಾವಳಿ ಮುಗಿದ ಮೇಲೆ ಅಮೃತಮ್ಮನ ಮಹಿಳಾ ಸಂಘದಲ್ಲಿ ಪ್ರವಾಸದ ಮಾತು ಬಂತು. ಪ್ರತಿ ವರ್ಷ ಯಾವುದಾದರೊಂದು ಗುಡಿಗೆ ಹೋಗುವುದು, ಸಾಲಿನಲ್ಲಿ ನಿಂತು ನೂಕಿಸಿಕೊಳ್ಳುವುದು, ಒಬ್ಬರಾದರೂ ಚಪ್ಪಲಿ ಕಳೆದುಕೊಂಡು ಮರಳುವುದು ನಡೆದೇ ಇತ್ತು. ಈ ಸಲ ಸಂಘದ ಕಾರ್ಯದರ್ಶಿ ಕಲ್ಪನಾ ಹೊಸ ಸುದ್ದಿ ತಂದಳು. ನವಿಲಗುಡ್ಡದ ಮೇಲೆ ಒಂದು ರಾತ್ರಿ ವಸ್ತಿ ಇರುವುದಕ್ಕೆ ಈಗ ಅರಣ್ಯ ಇಲಾಖೆಯವರು ಪರವಾನಗಿ ಕೊಡುತ್ತಾರಂತೆ. ಮಲಗಲು ಡೇರೆಯನ್ನೂ ಅವರೇ ಕೊಡುತ್ತಾರಂತೆ.

ಹೆಂಗಸರು ಮುಖ ಮುಖ ನೋಡಿಕೊಂಡರು. ಬಳೆ ಮಾರುವ ಇಮಾಮಬೀ ಮೊದಲು ಬಾಯಿಬಿಟ್ಟಳು.

"ಹೊಲದಾಗ ಕಾವಲಿಗಂತ ಮಲಗೀವಿ. ಹೆರಿಗಿಗೆ ಹೋದಾಗ ದವಾಖಾನಿ ಪಡಸಾಲ್ಯಾಗ ಮಲಗೀವಿ. ಬರೇ ಖುಷಿಗಂತ ಹೊರಗ ಎಂದರ ಮಲಗೀವೇನ್ರೆ ನಾವು?"

ಆ ಒಂದು ಮಾತಿಗೇ ಎಲ್ಲರೂ ಹೊರಡಲು ತಯಾರಾದರು. ದೇವಕಮ್ಮ ಒಬ್ಬಳು ಅನುಮಾನ ತೆಗೆದಳು. "ಸರಕಾರದ ಜಾಗಾ. ರೂಲು ಗೀಲು ಭಾಳ ಇರ್ತಾವ."

ಅಮೃತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಲ್ಲಿ ಗಾರ್ಡ್ ಯಾರದಾಳ? ನಮ್ಮ ಸೊಸಿ. ಎಲ್ಲಾ ನನ್ನ ಮ್ಯಾಲ ಬಿಡ್ರಿ."

ಹೊರಡುವ ಹಿಂದಿನ ಸಂಜೆ ರೇವತಿ ರೊಟ್ಟಿ ತಿರುವಿ ಹಾಕುತ್ತಲೇ ಒಂದೊಂದಾಗಿ ಹೇಳಿದಳು. ಗುಡ್ಡದ ಮೇಲೆ ಬೆಂಕಿ ಹಚ್ಚಬಾರದು. ಪ್ಲಾಸ್ಟಿಕ್ ತರಬಾರದು. ಮೇಲೆ ಒಯ್ದದ್ದೆಲ್ಲ, ಬಾಳೆಹಣ್ಣಿನ ಸಿಪ್ಪೆ ಸಹ, ಕೆಳಗೆ ಬರಬೇಕು. ಗಿಡ ಮುರಿಯಬಾರದು, ಗದ್ದಲ ಮಾಡಬಾರದು; ಸಂಘದವರಿಗೂ ಇದನ್ನೇ ಹೇಳಿ ಬಂದಿದ್ದೇನೆ ಎಂದಳು. ಅವಳು ಇಷ್ಟು ಮಾತಾಡಿದ್ದೇ ಅಮೃತಮ್ಮನಿಗೆ ಆಶ್ಚರ್ಯವಾಯಿತು. "ಹೂಂ, ಹೂಂ" ಎನ್ನುತ್ತ, ಸೊಸೆ ಆ ಕಡೆ ಹೊರಳಿದ್ದೇ ತಡ, ಖಡಕ್ ರೊಟ್ಟಿಯ ಗಂಟಿನ ಅಡಿಗೆ ಸಣ್ಣ ಗ್ಯಾಸ್ ಸ್ಟೋವ್ ಇಟ್ಟು ಬುಟ್ಟಿ ಕಟ್ಟಿದಳು. ಸಂಜೆಯ ಚಾ ಇಲ್ಲದಿದ್ದರೆ ಅವಳಿಗೆ ತಲೆ ಸಿಡಿಯುತ್ತಿತ್ತು. ಮನೆಯವರಿಗೆ ರೂಲು ಯಾವುದು?

ಮರುದಿನ ಮಧ್ಯಾಹ್ನ ಟಂಟಂ ಆಟೊ ಅವರನ್ನು ಗುಡ್ಡದ ಬುಡದಲ್ಲಿ ಇಳಿಸಿತು. ಅತ್ತ ತೊಗರಿ ಹೂವಾಗಿ ಹಳದಿಗಟ್ಟಿತ್ತು, ಇತ್ತ ಕಾಲುವೆ ನೀರಿನ ಗದ್ದೆಗಳು ಹಸಿರಾಗಿದ್ದವು. ಹೆಂಗಸರು ಬಂಡೆಗಳ ನಡುವಿನ ದಾರಿಯಲ್ಲಿ ಏದುಸಿರು ಬಿಡುತ್ತ, ಒಬ್ಬರನ್ನೊಬ್ಬರು ಎಳೆದುಕೊಳ್ಳುತ್ತ, ನಗುತ್ತ ಹತ್ತಿದರು. ಮುಂದೆ ಖಾಕಿಯಲ್ಲಿ ರೇವತಿ. ಮನೆಯಲ್ಲಿ ಹೆಜ್ಜೆಯ ಸಪ್ಪಳವಾಗದಂತೆ ನಡೆಯುವವಳು ಇಲ್ಲಿ ಬಂಡೆಯಿಂದ ಬಂಡೆಗೆ ಮೇಕೆಯಂತೆ ಜಿಗಿಯುತ್ತಿದ್ದಳು.

ಮೇಲೆ ಬಂದರೆ ಹಾಸುಬಂಡೆಗಳ ನಡುವೆ ಒಂದು ನೀರಿನ ಹೊಂಡ. ಸುತ್ತ ಮೆತ್ತನೆಯ ಹುಲ್ಲು, ತಣ್ಣನೆಯ ಗಾಳಿ. "ಜಾಗಾ ಅಂದ್ರ ಇದು ನೋಡ್ರಿ!" ಎಂದು ಅಮೃತಮ್ಮ ಹೊಂಡದ ದಂಡೆಗೇ ಚಾಪೆ ಬಿಚ್ಚಿದಳು.

"ಅಲ್ಲಿ ಬ್ಯಾಡ್ರಿ ಅತ್ತಿ."

ದನಿ ಎತ್ತರದ್ದಲ್ಲ, ಆದರೆ ಮನೆಯದೂ ಅಲ್ಲ. ಅಮೃತಮ್ಮ ತಿರುಗಿ ನೋಡಿದಳು.

"ನೀರಿನ ಹತ್ರ ವಸ್ತಿ ಮಾಡಂಗಿಲ್ರಿ. ಪ್ರಾಣಿ ನೀರು ಕುಡಿಯೋ ಜಾಗಾ ಇದು. ನಾವು ಕುಂತಿದ್ದು ಕಂಡ್ರ ಪಾಪ, ಬಾಯಾರಿಕಿಲೇ ಹೊಳ್ಳಿ ಹೋಗ್ತಾವ. ನಮ್ಮ ಜಾಗಾ ಮ್ಯಾಲಿನ ಬಂಡಿಗಲ್ಲಿನ ಹಿಂದ ಐತಿ."

"ಒಂದ ರಾತ್ರಿ ತಡಕೊಳ್ಳಲಿ ಬಿಡು."

"ಆಗಂಗಿಲ್ರಿ."

ಸಂಘದ ಹೆಂಗಸರೆಲ್ಲ ಬೇರೆ ಬೇರೆ ಕಡೆ ನೋಡತೊಡಗಿದರು. ಅಮೃತಮ್ಮ ಚಾಪೆ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಮೇಲೆ ಹತ್ತಿದಳು.

ಮೇಲಿನ ಬಯಲಿನಲ್ಲಿ ರೇವತಿ ಡೇರೆಗಳನ್ನು ಹೂಡಿಸಿದಳು. ಬಳಿಕ ಒಂದು ಸಣ್ಣ ಸಲಿಕೆ ತೋರಿಸಿ, ಹೊರಗೆ ಹೋಗುವವರು ನೀರಿನಿಂದ ದೂರ ಹೋಗಿ, ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಬೇಕೆಂದಳು. "ಅದಕ್ಕೂ ರೂಲಾ?" ಎಂದು ದೇವಕಮ್ಮ ಬಾಯಿಗೆ ಸೆರಗು ಹಚ್ಚಿದ್ದೇ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮೃತಮ್ಮನಿಗೂ ನಗು ಬಂತು, ಆದರೆ ತಡೆದುಕೊಂಡಳು. ಅವಳ ತಲೆ ಆಗಲೇ ಸಿಡಿಯತೊಡಗಿತ್ತು. ಸೊಸೆ ಆಚೆ ಹಗ್ಗ ಬಿಗಿಯುತ್ತಿದ್ದಾಗ ಬಂಡೆಯ ಮರೆಗೆ ಹೋಗಿ ಸ್ಟೋವ್ ಹೊರತೆಗೆದಳು.

ಕಡ್ಡಿ ಗೀರುವುದರೊಳಗೆ ಬೂಟು ಎದುರಿಗಿತ್ತು.

"ಅದನ್ನ ಕೊಡ್ರಿ ಅತ್ತಿ."

"ಒಂದ ಕಪ್ ಚಾ, ರೇವತಿ. ಬಂಡಿ ಮ್ಯಾಲ ಇಟ್ಟೀನಿ. ಬಂಡಿಗೆ ಉರಿ ಹತ್ತತೈತೇನು?"

"ಗಾಳಿ ಐತ್ರಿ. ಹುಲ್ಲು ನೋಡ್ರಿ ಹೆಂಗ ಒಣಗೇತಿ. ಹ್ವಾದ ಬ್ಯಾಸಿಗ್ಯಾಗ ಆ ಕಡಿ ಗುಡ್ಡಕ್ಕ ಒಂದ ಬೀಡಿಯಿಂದ ಉರಿ ಹತ್ತಿತ್ತು. ನವಿಲ ತತ್ತಿ ಮ್ಯಾಲ ಕುಂತಿತ್ರಿ, ಏಳಲೇ ಇಲ್ಲ." ಅವಳು ಕೈ ಮುಂದೆ ಚಾಚಿದಳು. "ಕೊಡ್ರಿ. ನಾಳಿ ಕೆಳಗ ಇಳದ ಮ್ಯಾಲ ವಾಪಸ್ ಕೊಡ್ತೀನಿ."

"ಮನ್ಯಾಗ ನಾ ಹೇಳಿದ್ದು ನೀ ಕೇಳ್ತಿ. ಇಲ್ಲಿ ನೀ ಹೇಳಿದ್ದು ನಾ ಕೇಳಬೇಕೇನು?"

ರೇವತಿ ಟೊಪ್ಪಿಗೆ ಸರಿಮಾಡಿಕೊಂಡಳು. "ಹೂಂನ್ರಿ ಅತ್ತಿ."

ಸ್ಟೋವ್ ಹೋಗಿ ಇಲಾಖೆಯ ಕಬ್ಬಿಣದ ಪೆಟ್ಟಿಗೆಗೆ ಬಿತ್ತು, ಬೀಗವೂ ಬಿತ್ತು. ಅದೇ ಪೆಟ್ಟಿಗೆಗೆ ದೇವಕಮ್ಮನ ಪ್ಲಾಸ್ಟಿಕ್ ಗ್ಲಾಸುಗಳೂ ಕಲ್ಪನಾಳ ಸ್ಪೀಕರೂ ಹಿಂದೆಯೇ ಹೋದವು. ಅಮೃತಮ್ಮ ಒಂದು ಕಲ್ಲಿನ ಮೇಲೆ ಎಲ್ಲರಿಗೂ ಬೆನ್ನು ಮಾಡಿ ಕುಳಿತಳು. ಎಲ್ಲಾ ನನ್ನ ಮೇಲೆ ಬಿಡಿರಿ ಎಂದಿದ್ದ ನಾಲಿಗೆಯನ್ನು ಕಚ್ಚಿಕೊಳ್ಳುವಂತಾಗಿತ್ತು.

ಇಮಾಮಬೀ ಬಂದು ಪಕ್ಕದಲ್ಲಿ ಕುಳಿತು, ಚೀಲದಿಂದ ದೊಡ್ಡದೊಂದು ಫ್ಲಾಸ್ಕ್ ತೆಗೆದಳು. ಮುಚ್ಚಳ ಬಿಚ್ಚಿದ್ದೇ ಶುಂಠಿ ಚಾದ ಘಮ ಎದ್ದಿತು.

"ಬೆಂಕಿ ಹಚ್ಚಂಗಿಲ್ಲ ಅಂದಿದ್ದಳು ಸೊಸಿ. ಚಾ ಕುಡಿಯಂಗಿಲ್ಲ ಅಂದಿರಲಿಲ್ಲಕ್ಕ," ಎಂದಳು.

ಅಮೃತಮ್ಮ ಸಿಟ್ಟಿನಲ್ಲೇ ಕುಡಿದಳು. ಎರಡನೇ ಲೋಟಕ್ಕೆ ತಲೆಶೂಲೆ ಇಳಿಯಿತು. ಸಿಟ್ಟು ಮಾತ್ರ ಹಾಗೇ ಇತ್ತು.

ಹೊತ್ತು ಮುಳುಗುವ ಸುಮಾರಿಗೆ ಕೆಳಗಿನಿಂದ ಗದ್ದಲ ಕೇಳಿಸಿತು. ಆರೇಳು ಹುಡುಗರು ದೊಡ್ಡ ಸ್ಪೀಕರ್ ಹೊತ್ತು, ಕೋಳಿಯ ಚೀಲ, ಕಟ್ಟಿಗೆಯ ಹೊರೆ ಹಿಡಿದು ಹೊಂಡದ ದಂಡೆಗೆ ಬಂದಿದ್ದರು. ಅವರ ಮುಂದಾಳು ಸುರಪುರದ ಮಲ್ಲಿನಾಥ, ಮೊಬೈಲ್ ಅಂಗಡಿಯವನು. ರೇವತಿ ಒಬ್ಬಳೇ ಇಳಿದು ಹೋದಳು. ಮೇಲಿನ ಬಂಡೆಯಿಂದ ಹೆಂಗಸರು ಇಣುಕಿದರು.

"ಪರವಾನಗಿ ಐತೇನ್ರಿ?"

"ಏ, ಒಂದ ತಾಸು ಮೇಡಂ. ಕೋಳಿ ಸುಟ್ಟು ತಿಂದು ಹೋಗ್ತೀವಿ."

"ಬೆಂಕಿ ಹಚ್ಚಂಗಿಲ್ಲ. ಸ್ಪೀಕರ್ ಬಂದ್ ಮಾಡ್ರಿ. ಪರವಾನಗಿ ಇಲ್ಲಂದ್ರ ಕತ್ತಲಾಗೋದ್ರೊಳಗ ಇಳಿಬೇಕು."

ಮಲ್ಲಿನಾಥ ಮೇಲೆ ಕೈ ತೋರಿಸಿ ನಕ್ಕ. "ಮತ್ತ ಅವರ್ಯಾರು? ನಿಮ್ಮತ್ತಿ ಅಲ್ಲೇನ್ರಿ? ಮನಿ ಮಂದಿಗೊಂದು ರೂಲು, ನಮಗೊಂದು ರೂಲು. ಗೊತ್ತಾತು ಬಿಡ್ರಿ."

ಹುಡುಗರು ಹೋ ಎಂದರು. ರೇವತಿಯ ಮುಖ ಕೆಂಪೇರಿದ್ದು ಮೇಲಿದ್ದವರಿಗೂ ಕಂಡಿತು. ಅಮೃತಮ್ಮನಿಗೆ ಆ ಮಾತು ನಾಟಿತು. ಮಧ್ಯಾಹ್ನದಿಂದ ತಾನು ಸೊಸೆಯ ಹತ್ತಿರ ಬೇಡಿದ್ದು ಅದನ್ನೇ ಅಲ್ಲವೇ, ಮನೆ ಮಂದಿಗೊಂದು ಬೇರೆ ರೂಲು? ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಯಾರು ಬೇಡವೆಂದರೂ ಕೇಳದೆ ಸರಸರನೆ ಇಳಿದಳು.

"ಏನಂದಿಯೋ ತಮ್ಮಾ? ನಮ್ಮನ್ನ ರೂಲಿಲ್ದ ಬಿಟ್ಟಾಳಂದಿಯಾ?" ಅವಳು ಮಲ್ಲಿನಾಥನ ಎದುರಿಗೇ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇದ ಜಾಗಾದಾಗ ಚಾಪಿ ಹಾಸಿದ್ದೆ, ಎಬ್ಬಿಸಿ ಕಳಿಸ್ಯಾಳ. ನನ್ನ ಸ್ಟೋವ್ ಕಸಗೊಂಡು ಬೀಗ ಜಡದಾಳ. ಸ್ವಂತ ಅತ್ತಿಗೆ ಒಂದ ಕಪ್ ಚಾ ಕಾಸಾಕ ಬಿಡಲಾರದಾಕಿ, ನಿನಗ ಕೋಳಿ ಸುಡಾಕ ಬಿಡ್ತಾಳೇನು?"

"ನನ್ನ ಗ್ಲಾಸೂ ಒಯ್ದಾಳ!" ಮೇಲಿನಿಂದ ದೇವಕಮ್ಮ ಕೂಗಿದಳು.

"ನನ್ನ ಸ್ಪೀಕರು!" ಕಲ್ಪನಾ.

"ಹೊರಗ ಕುಂಡ್ರೂದಕ್ಕೂ ಸಲಿಕಿ ಕೊಟ್ಟಾಳಪ್ಪೋ!" ಇಮಾಮಬೀಯ ದನಿ ಎಲ್ಲರದಕ್ಕಿಂತ ದೊಡ್ಡದಾಗಿತ್ತು.

ಹುಡುಗರಲ್ಲೊಬ್ಬ ಫಕ್ಕನೆ ನಕ್ಕ. ಅವನ ಹಿಂದೆ ಉಳಿದವರೂ ನಕ್ಕರು. ಕೊನೆಗೆ ಮಲ್ಲಿನಾಥನಿಗೂ ತಡೆಯಲಾಗಲಿಲ್ಲ. ಸ್ಪೀಕರ್ ಬಂದ್ ಮಾಡಿ ತಲೆ ಕೆರೆದುಕೊಂಡ.

"ಮೇಡಂ, ಪರವಾನಗಿ ಹೆಂಗ ತಗೋಬೇಕ್ರಿ?"

"ಆಫೀಸಿಗೆ ಬರ್ರಿ, ಹೇಳ್ತೀನಿ. ಹಗಲೊತ್ತು ಬರ್ರಿ," ಎಂದಳು ರೇವತಿ. ಅವಳ ಮುಖವೂ ಸಡಿಲಾಗಿತ್ತು. ಹುಡುಗರು ಕಟ್ಟಿಗೆ ಹೊರೆ, ಕೋಳಿಯ ಚೀಲ ಎತ್ತಿಕೊಂಡು ಇಳಿದು ಹೋದರು. ಬಿದ್ದಿದ್ದ ನೀರಿನ ಬಾಟಲಿಯೊಂದನ್ನು ಅಮೃತಮ್ಮ "ಏ ತಮ್ಮಾ, ನಿಂದು!" ಎಂದು ಕೂಗಿ ಮರಳಿ ಕಳಿಸಿದಳು.

ಅತ್ತೆ ಸೊಸೆ ಒಟ್ಟಿಗೆ ಮೇಲೆ ಹತ್ತಿದರು. ಕಡಿದಾದ ಕಡೆ ರೇವತಿ ಕೈ ಚಾಚಿದಳು. ಅಮೃತಮ್ಮ ಹಿಡಿದುಕೊಂಡಳು. ಮೇಲೆ ಬಂದ ಮೇಲೂ ಕೂಡಲೇ ಬಿಡಲಿಲ್ಲ.

ಅಂದು ಹುಣ್ಣಿಮೆ. ತೊಗರಿ ಹೊಲದ ತುದಿಯಿಂದ ಚಂದ್ರ ತಾಮ್ರದ ಪರಾತದಷ್ಟು ದೊಡ್ಡದಾಗಿ ಎದ್ದು ಬಂದ. ಹೆಂಗಸರು ಬಂಡೆಯ ಮೇಲೆ ಗೋಲಾಗಿ ಕುಳಿತು ಗಂಟುಗಳನ್ನು ಬಿಚ್ಚಿದರು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಇಮಾಮಬೀ ತಂದ ಶೇಂಗಾ ಹೋಳಿಗೆ. ಬಡಿಸುವವರು ಯಾರೂ ಇಲ್ಲ, ಯಾರದೋ ಊಟ ಮುಗಿಯಲಿ ಎಂದು ಕಾಯುವುದೂ ಇಲ್ಲ. ಅಮೃತಮ್ಮನಿಗೆ ಅದು ಅರ್ಧ ಊಟವಾದ ಮೇಲೆ ಹೊಳೆಯಿತು. ಗಂಡಸರಿಗೆ ಬಡಿಸದೆ, ಬಿಸಿಯಿರುವಾಗಲೋ ಆರಿದ ಮೇಲೋ ಎಂಬ ಚಿಂತೆಯಿಲ್ಲದೆ, ತಾನು ಇಷ್ಟು ನಿಧಾನಕ್ಕೆ ಉಂಡದ್ದು ಯಾವಾಗ? ನೆನಪಾಗಲಿಲ್ಲ.

ಊಟವಾದ ಮೇಲೆ ದೇವಕಮ್ಮ ಬೀಸುವ ಹಾಡೊಂದನ್ನು ಎತ್ತಿಕೊಂಡಳು. ರೇವತಿ ಬೆರಳು ತುಟಿಯ ಮೇಲಿಟ್ಟಳು. ಹಾಗಾಗಿ ಎಲ್ಲರೂ ಪಿಸುದನಿಯಲ್ಲೇ ಹಾಡಿದರು, ಮಲಗಿದ ಕೂಸಿನ ಮುಂದೆ ಹಾಡಿದಂತೆ. ಹಾಡು ಅಷ್ಟು ಮೆಲ್ಲಗಾದದ್ದಕ್ಕೇ ಇರಬೇಕು, ನಡುನಡುವೆ ದೂರದ ಬಂಡೆಯಿಂದ ಗೂಗೆಯ ದನಿಯೂ ಕೇಳಿತು.

ಬೆಳಕು ಹರಿಯುವ ಮುಂಚೆ ಯಾರೋ ಭುಜ ಮುಟ್ಟಿದರು. ಅಮೃತಮ್ಮ ಕಣ್ಣು ಬಿಟ್ಟರೆ ರೇವತಿ. "ಸಪ್ಪಳ ಮಾಡಬ್ಯಾಡ್ರಿ ಅತ್ತಿ. ಬರ್ರಿ."

ಎಲ್ಲರನ್ನೂ ಬಂಡೆಯ ಅಂಚಿಗೆ ಕರೆದೊಯ್ದು ಹೊಟ್ಟೆಯಡಿ ಮಾಡಿ ಮಲಗಿಸಿದಳು. ಕೆಳಗೆ, ದೂರದಲ್ಲಿ, ಹೊಂಡದ ನೀರು ಬೆಳ್ಳಗೆ ಹೊಳೆಯುತ್ತಿತ್ತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಪೊದೆಯ ಕತ್ತಲೇ ಎದ್ದು ನಡೆದು ಬಂದಂತೆ ಒಂದು ಕರಡಿ ಹೊರಬಂತು. ಅದರ ಬೆನ್ನ ಮೇಲೆ, ಕೂದಲನ್ನು ಗಟ್ಟಿಯಾಗಿ ಹಿಡಿದುಕೊಂಡು, ಎರಡು ಮರಿಗಳು.

"ಯಾ ಅಲ್ಲಾ," ಇಮಾಮಬೀ ಉಸಿರಿನಲ್ಲೇ ಅಂದಳು. "ಕೂಸು ಹೊತಗೊಂಡು ನೀರಿಗೆ ಬಂದಾಳ. ನಮ್ಮಂಗ."

ತಾಯಿ ಬಾಗಿ ನೀರು ಕುಡಿಯತೊಡಗಿತು. ಒಂದು ಮರಿ ಇಣುಕಲು ಹೋಗಿ ತಲೆಕೆಳಗಾಗಿ ನೀರಿಗೆ ಬಿತ್ತು. ತಾಯಿ ಅದನ್ನು ಬಾಯಲ್ಲಿ ಕಚ್ಚಿ ಎಳೆದು ದಂಡೆಗೆ ಹಾಕಿ, ಕುಂಡಿಯ ಮೇಲೆ ರಪ್ಪೆಂದು ಒಂದು ಕೊಟ್ಟಿತು. ಮರಿ ಮುಖ ಉಬ್ಬಿಸಿಕೊಂಡು ಕುಳಿತಿತು. ಹೆಂಗಸರೆಲ್ಲ ಬಾಯಿಗೆ ಸೆರಗು ತುರುಕಿಕೊಂಡರು. ದೇವಕಮ್ಮನ ಮೈಯೆಲ್ಲ ನಗುವಿಗೆ ಕುಲುಕುತ್ತಿತ್ತು. ಅಮೃತಮ್ಮ ಪಕ್ಕಕ್ಕೆ ನೋಡಿದಳು. ರೇವತಿಯೂ ಟೊಪ್ಪಿಗೆಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಈ ಹುಡುಗಿ ಹೀಗೆ ನಕ್ಕದ್ದನ್ನು ಅವಳು ನೋಡಿಯೇ ಇರಲಿಲ್ಲ.

"ದಿನಾ ಬರ್ತಾವೇನ?" ಅಮೃತಮ್ಮ ಪಿಸುಗುಟ್ಟಿದಳು.

"ನಾವು ಅಡ್ಡ ಕುಂಡರಲಿಲ್ಲಂದ್ರ ಬರ್ತಾವ್ರಿ."

ಮರಿಗಳು ಮತ್ತೆ ಬೆನ್ನೇರಿದವು. ಬಿಸಿಲು ಬಂಡೆಗೆ ತಾಗುವ ಮೊದಲೇ ಮೂವರೂ ಪೊದೆಯಲ್ಲಿ ಕರಗಿಹೋದರು. ಆಮೇಲೂ ಬಹಳ ಹೊತ್ತು ಯಾರೂ ಏಳಲಿಲ್ಲ.

ಹೊರಡುವ ಮುಂಚೆ ಹೆಂಗಸರು ಬಯಲನ್ನೆಲ್ಲ ಹುಡುಕಿ ರೊಟ್ಟಿಯ ಚೂರನ್ನೂ ಬಿಡದೆ ಆರಿಸಿದರು. ತಮ್ಮದಲ್ಲದ, ಯಾರೋ ಎಂದೋ ಎಸೆದು ಹೋಗಿದ್ದ ಗುಟ್ಕಾ ಚೀಟಿಗಳನ್ನೂ ಆರಿಸಿ ಕಟ್ಟಿಕೊಂಡರು. ಕರಡಿಯ ಕಥೆಯನ್ನು ಮನೆಯಲ್ಲಿ ಯಾರು ಮೊದಲು ಹೇಳಬೇಕೆಂದು ಜಗಳಾಡುತ್ತಲೇ ಒಬ್ಬೊಬ್ಬರಾಗಿ ಇಳಿಯತೊಡಗಿದರು. ಅಮೃತಮ್ಮ ಮಾತ್ರ ಕದಲಲಿಲ್ಲ.

"ನಡೀರಿ ಅತ್ತಿ, ಟಂಟಂ ಬಂದೈತಿ."

"ಅವರು ಹೋಗಲಿ. ನಾ ಇವತ್ತೂ ಇಲ್ಲೇ ಇರ್ತೀನಿ. ಭೀಮು ಒಂದಿನ ತಾನ ಅನ್ನ ಮಾಡ್ಕೊಂಡು ಉಣ್ಣಲಿ."

ರೇವತಿ ಮುಖವನ್ನು ಆದಷ್ಟು ಗಂಭೀರವಾಗಿಟ್ಟುಕೊಂಡಳು. "ಪರವಾನಗಿ ಒಂದ ರಾತ್ರಿದ್ದು ಐತ್ರಿ. ಇವತ್ತು ಶಹಾಪುರದ ಮಂದಿ ಬರಾಕತ್ಯಾರ."

ಅಮೃತಮ್ಮ ಸೊಸೆಯನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಜೋರಾಗಿ ನಗಲು ಹೋಗಿ, ಗುಡ್ಡದ ನೆನಪಾಗಿ, ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕು ನಕ್ಕು ಸಾಕಾದ ಮೇಲೆ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಇಳಿಜಾರಿಗೆ ಹೆಜ್ಜೆ ಹಾಕಿದಳು.

"ಏ ಕಲ್ಪನಾ, ನಿಂದರ!" ಮೆಲ್ಲಗೆ, ಆದರೆ ಕೇಳುವಷ್ಟು ಕೂಗಿದಳು. "ಮುಂದಿನ ಹುಣ್ಣಿಮಿಗೆ ಇವತ್ತ ಅರ್ಜಿ ಹಾಕು. ಶಹಾಪುರದವರು ನಮ್ಮಕಿಂತ ಮದಲ ಹಾಕಿಗಿಕ್ಯಾರು!"