ಶುದ್ಧ ಪುಡಿಯ ಡಬ್ಬಿ

ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಒಂದು ಗಾಜಿನ ಡಬ್ಬಿಯಿತ್ತು. ಅದರಲ್ಲಿದ್ದದ್ದು ಕೀಟನಾಶಕದ ಗಾಳಿಯೂ ಸೋಕದೆ ಬೆಳೆದ ಹೊಗೆಸೊಪ್ಪಿನ ನಯವಾದ ಪುಡಿ. ಹೊರಗಿನಿಂದ ಬಂದ ಹೊಗೆಸೊಪ್ಪಿನಲ್ಲಿ ಕೀಟನಾಶಕ ಎಷ್ಟು ಉಳಿದಿದೆ ಎಂದು ನೋಡುವ ಮೊದಲು ಈ ಶುದ್ಧ ಪುಡಿಯನ್ನು ಪರೀಕ್ಷಿಸಬೇಕು. ಯಂತ್ರದ ಪರದೆಯ ಮೇಲಿನ ಗೆರೆ ನೆಟ್ಟಗೆ ಮಲಗಿದರೆ ಎಲ್ಲ ಸರಿ. ಎದ್ದು ನಿಂತರೆ ಪಾತ್ರೆಯೋ ಕೈಯೋ ಕೊಳಕು ಎಂದರ್ಥ.

ಆ ವಾರ ಗೆರೆ ಮಲಗಲೇ ಇಲ್ಲ. ಗುಬ್ಬಿಗೆ ಜೀವ ಬಾಯಿಗೆ ಬಂತು. ಗುಬ್ಬಿ ಅಂದರೆ ಅಲ್ಲಿನ ಕಿರಿಯ ಕೆಮಿಸ್ಟ್, ಗಾತ್ರ ನೋಡಿ ಇಟ್ಟ ಹೆಸರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಶುಕ್ರವಾರ ತಪಾಸಣೆಯ ಅಧಿಕಾರಿ ಬರುತ್ತಾರೆ, ಅಷ್ಟರೊಳಗೆ ಗೆರೆ ಮಲಗದಿದ್ದರೆ ಬೇರೆ ಕೆಲಸ ನೋಡಿಕೋ ಎಂದು ವಿಭಾಗದ ಮುಖ್ಯಸ್ಥರು ಸೀನುತ್ತಲೇ ಹೇಳಿದ್ದರು. ಅವರಿಗೆ ವರ್ಷವಿಡೀ ನೆಗಡಿ. ಯಂತ್ರದ ಕೋಣೆಯ ತಣ್ಣನೆ ಗಾಳಿಯೇ ಅದಕ್ಕೆ ಕಾರಣವಂತೆ, ಪಾಪ.

ಗುಬ್ಬಿ ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆದಳು. ಹೊಸ ಕೈಗವಸು ಹಾಕಿಕೊಂಡಳು, ಹೊಸ ದ್ರಾವಕದ ಬಾಟಲಿ ತೆರೆದಳು. ಏನು ಮಾಡಿದರೂ ಗೆರೆ ಜಗ್ಗಲಿಲ್ಲ. ಮನೆಗೆ ಹೋಗಿ ಅತ್ತರೆ ಅಮ್ಮನಿಗೆ ಬೇರೆಯೇ ಸಂಕಟ. ಇಲ್ಲಿ ಒಂದು ಲೋಟ ತೊಳೆಯದ ಮಹಾರಾಣಿ ಅಲ್ಲಿ ದಿನವಿಡೀ ಪಾತ್ರೆ ತಿಕ್ಕುತ್ತಾಳಲ್ಲ, ಅದೇನು ಹೇಳಿ ತಿಕ್ಕಿಸುತ್ತಾರೋ ಆ ಪುಣ್ಯಾತ್ಮರನ್ನೇ ಕೇಳಿಕೊಂಡು ಬಾ ಎಂದಳು.

ಶುಕ್ರವಾರ ಅಧಿಕಾರಿ ಬಂದರು. ನಕ್ಕರೆ ಎಲ್ಲಿ ಕಾಲರಿನ ಇಸ್ತ್ರಿ ಕೆಡುತ್ತದೋ ಎಂಬಂಥ ಮುಖ. ಪರದೆಯ ಮೇಲೆ ಗೆರೆ ನಿಂತೇ ಇತ್ತು. ಮುಖ್ಯಸ್ಥರು ಹಿಂದೆಮುಂದೆ ನೋಡದೆ, ಈ ಹುಡುಗಿಯ ಕೈ ಶುದ್ಧವಿಲ್ಲ ಎಂದುಬಿಟ್ಟರು.

ಗುಬ್ಬಿಗೆ ರೇಗಿಹೋಯಿತು. ಹಿಂದಿನ ದಿನವಷ್ಟೇ ಅವಳು ಪುಡಿ ಹಾಕದೆ, ಅದೇ ಪಾತ್ರೆ ಅದೇ ಕೈಯಲ್ಲಿ ಬರೀ ದ್ರಾವಕವನ್ನು ಪರೀಕ್ಷಿಸಿದ್ದಳು. ಗೆರೆ ಹಾಯಾಗಿ ಮಲಗಿತ್ತು. ಹಾಗಾಗಿ ಕೊಳಕಾಗಿರುವುದು ಡಬ್ಬಿಯ ಪುಡಿಯೇ, ಅದರಲ್ಲಿ ಮೂರು ಬಗೆಯ ಕೀಟನಾಶಕ ಇದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು.

ಮುಖ್ಯಸ್ಥರು ತಾವಾಗಿಯೇ ಬಾಯಿ ಬಿಟ್ಟರು.

"ಮೂರಾ? ಆ ಅಂಗಡಿಯವನು ಒಳ್ಳೇ ನಶ್ಯ ಅಂತ ಆಣೆ ಹಾಕಿ ಕೊಟ್ಟಿದ್ನಲ್ಲ."

ಅಂಗಡಿಯ ಮಾತನ್ನು ಯಾರೂ ಎತ್ತಿರಲಿಲ್ಲ. ನಶ್ಯದ ಮಾತಂತೂ ಇಲ್ಲವೇ ಇಲ್ಲ. 

ಮುಖ್ಯಸ್ಥರು ಸ್ಟೂಲಿನ ಮೇಲೆ ಕುಸಿದು ಎಲ್ಲ ಒಪ್ಪಿಕೊಂಡರು. ದಿನಾ ಡಬ್ಬಿಯಿಂದ ಒಂದೊಂದು ಚಿಟಿಕೆ ಮೂಗಿಗೆ ಏರಿಸುತ್ತಿದ್ದರಂತೆ. ಹೋದ ವಾರ ತಳ ಕಾಣುವಂತಾದಾಗ ಗಾಬರಿಯಾಗಿ, ಉಳಿದ ಶುದ್ಧದ್ದನ್ನು ಜೇಬಿಗಿಳಿಸಿ ಡಬ್ಬಿಗೆ ಅಂಗಡಿಯದನ್ನು ತುಂಬಿದರಂತೆ.

"ಇಷ್ಟು ವರ್ಷ ಈ ಗೆರೆಗಳನ್ನ ನೋಡಿದವನು ಅಂಗಡೀದನ್ನ ಹೇಗಮ್ಮಾ ಮೂಗಿಗೆ ಏರಿಸ್ಲಿ? ಊರಲ್ಲೆಲ್ಲ ಶುದ್ಧವಾಗಿರೋದು ಇದೊಂದೇ."

ಗುಬ್ಬಿಗೆ ನಗು ತಡೆಯಲಾಗಲಿಲ್ಲ. ಅಧಿಕಾರಿ ಮಾತ್ರ ನಗಲಿಲ್ಲ. ಈ ಹುಡುಗಿಯ ಕೈ ಅತ್ಯಂತ ಶುದ್ಧ, ಕೂಡಲೇ ಕೆಲಸ ಕಾಯಂ ಮಾಡತಕ್ಕದ್ದು ಎಂದು ಬರೆದು, ಸಹಿ ಹಾಕಿ, ಪೆನ್ನು ಮುಚ್ಚಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ಮುಖ್ಯಸ್ಥರ ಕಿವಿಯ ಹತ್ತಿರ ಬಾಗಿದರು.

"ಆ ಶುದ್ಧದ್ದು ಒಂದು ಚಿಟಿಕೆ ಉಳಿದಿದೆಯಾ?"

ಮುಖ್ಯಸ್ಥರ ಕೈ ಜೇಬಿಗೆ ಹೋಯಿತು. ನಡುವೆ ಗುಬ್ಬಿಯ ಅಂಗೈ ಬಂತು.

"ಇಲ್ಲಿ ಕೊಡಿ ಸಾರ್. ನನ್ನ ಕೈ ಶುದ್ಧವಾಗಿದೆ, ಈಗಷ್ಟೇ ಬರೆದಿದ್ದಾರೆ."