ಗಂಡು ಹೂವಿಗೆ ಬಿದ್ದ ಕತ್ತರಿ

ಮಾವ ಆ ಮಧ್ಯಾಹ್ನದಿಂದ ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ. ತಪ್ಪು ಅವರದೇ, ಆದರೆ ಬೈದವಳು ನಾನು. ಕೈನಡುಕ ಬಂದು ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಗೋಡೆ ನೋಡುತ್ತ ಕೂರುತ್ತಿದ್ದ ಮನುಷ್ಯ, ಹಿತ್ತಲಿನ ಕುಂಡದಲ್ಲಿ ಗಿಡ್ಡ ತಳಿಯ ಕಲ್ಲಂಗಡಿ ಬೀಜ ಹಾಕಿದಂದಿನಿಂದ ಮತ್ತೆ ಮಾತಾಡತೊಡಗಿದ್ದರು. ಊಟಕ್ಕೆ ಕೂತರೂ ಅದೇ ಸುದ್ದಿ: ಎರಡೆಲೆ ಬಂತು, ಬಳ್ಳಿ ಹಬ್ಬಿತು, ಹೂವಾಯಿತು.

ಆ ಹೂವನ್ನೆಲ್ಲ ದಿನಾ ಕತ್ತರಿಸಿ ಎಸೆಯುತ್ತಿದ್ದಾರೆಂದು ನನಗೆ ಗೊತ್ತಾದದ್ದು ಆ ಮಧ್ಯಾಹ್ನವೇ. ಹೊಲಿದ ಬಟ್ಟೆಯಲ್ಲಿ ಜೋತಾಡುವ ದಾರ ಕತ್ತರಿಸಿ ಅಭ್ಯಾಸವಾದ ಕೈ. ಬುಡದಲ್ಲಿ ಪುಟ್ಟ ಕಾಯಿಯಿಲ್ಲದ ಹೂವು ದಂಡ, ಬಳ್ಳಿಯ ಸತ್ವ ತಿನ್ನುತ್ತದೆ ಎಂಬುದು ಅವರ ಲೆಕ್ಕ. ಮೊಗ್ಗನ್ನೂ ಬಿಟ್ಟಿರಲಿಲ್ಲ. ಅವೆಲ್ಲ ಗಂಡು ಹೂವು.

“ಗಂಡು ಹೂವಿಲ್ಲದೆ ಕಾಯಿ ಮೇಲಿಂದ ಉದುರುತ್ತಾ ಮಾವ?” ಎಂದು ಕೂಗಾಡಿಬಿಟ್ಟೆ.

“ನಾನು ಮುಟ್ಟಿದ್ದೆಲ್ಲ ಹಾಳು ಬಿಡಮ್ಮ,” ಎಂದವರು ಒಳಗೆ ಹೋಗಿ ಮುಸುಕೆಳೆದುಕೊಂಡರು.

ಮಾರನೆ ಬೆಳಿಗ್ಗೆ ನೋಡಿದರೆ ಒಂದು ಹೆಣ್ಣು ಹೂವು ಅರಳಿದೆ, ಹಿಂದೆ ಗೋಲಿಯಷ್ಟು ಕಾಯಿ! ಬಿಸಿಲೇರಿದರೆ ಮುದುಡುತ್ತದೆ. ಎಲೆಗಳು ಆಗಲೇ ಹಳದಿ ತಿರುಗಿದ್ದವು, ಇನ್ನೊಂದು ಹೂವಿನ ಆಸೆ ಇರಲಿಲ್ಲ. ಗಂಡು ಹೂವು ಸಿಕ್ಕರೆ ಗೋಡೆಯಾಚೆ, ವಾರಗಿತ್ತಿಯ ಹಿತ್ತಲಲ್ಲಿ ಸಿಗಬೇಕು. ಮನೆ ಪಾಲಾಗಿ ಮಾವ ನಮ್ಮ ಕಡೆ ಉಳಿದ ಮೇಲೆ ಅವಳಿಗೂ ನನಗೂ ಮಾತಿಲ್ಲ. ಬೀಜವನ್ನು ಮಾತ್ರ ಮಾವನೇ ಎರಡು ಮನೆಗೂ ಹಂಚಿದ್ದರು.

ಸೊಕ್ಕು ನುಂಗಿಕೊಂಡು ಬಾಗಿಲು ತಟ್ಟಿದೆ.

“ಏನು, ದಾರಿ ತಪ್ಪಿ ಬಂದ್ಯಾ?”

“ಒಂದು ಗಂಡು ಹೂವು ಕೊಡಕ್ಕ. ಮಾವ ಊಟ ಬಿಟ್ಟಿದ್ದಾರೆ.”

ಅವಳ ಮುಖ ಬದಲಾಯಿತು. ಹಿತ್ತಲಿಗೆ ಕರೆದೊಯ್ದಳು. ಅಲ್ಲಿಯ ಬಳ್ಳಿಯೂ ಬೋಳು!

“ವಾಕಿಂಗ್ ಅಂತ ಹೊರಡ್ತಾರಲ್ಲ, ಎಲ್ಲಿಗೆ ಅಂದ್ಕೊಂಡಿದ್ದೆ? ದಿನಾ ಇಲ್ಲಿಗೇ, ಕತ್ತರಿ ಜೇಬಲ್ಲಿಟ್ಕೊಂಡು.”

“ಬೇಡ ಅನ್ನೋಕೇನಾಗಿತ್ತು ನಿಂಗೆ?”

“ಬೇಡ ಅಂದ್ರೆ ಬರೋದೇ ನಿಲ್ಲಿಸಿಬಿಟ್ರೆ?”

ಅವಳು ಎಲೆ ಸರಿಸಿದಳು. ಟೀ ಸೋಸುವ ಜಾಲರಿ ಬೋರಲು ಹಾಕಿ, ಅದರಡಿ ಒಂದೇ ಒಂದು ಗಂಡು ಹೂವು ಉಳಿಸಿಕೊಂಡಿದ್ದಳು. ಪಕ್ಕದಲ್ಲೇ ಅವಳ ಹೆಣ್ಣು ಹೂವೂ ಅರಳಿ ಕಾಯುತ್ತಿತ್ತು. ಕೊಡಲಾರಳು ಅಂದುಕೊಂಡೆ. ಬಿಸಿಲು ಗೋಡೆ ಇಳಿಯುತ್ತಿತ್ತು. ಅವಳು ಹೂವು ಕಿತ್ತು, ನನಗೂ ಕೊಡದೆ, ಸೀದಾ ನಮ್ಮ ಮನೆಗೆ ನಡೆದು ಮಾವನ ಮುಸುಕು ಎಳೆದಳು.

“ಏಳಿ ಮಾವ. ಕತ್ತರಿಸಿದವರೇ ಕೂಡಿಸ್ಬೇಕು.”

ಮಾವ ಎದ್ದು ಬಂದರು. ದಳ ಬಿಡಿಸಿದ ಗಂಡು ಹೂವನ್ನು ಅವಳು ಅವರ ಬೆರಳಿಗೆ ಕೊಟ್ಟಳು. ನಮ್ಮ ಹೆಣ್ಣು ಹೂವಿಗೆ ಸವರುವಾಗ ಕೈ ಎಷ್ಟು ನಡುಗಿತೆಂದರೆ ಪರಾಗ ಅರ್ಧ ನೆಲಕ್ಕೇ ಉದುರಿತು. ಮಿಕ್ಕಿದ್ದನ್ನು ಒಯ್ದು ಅವಳ ಹೂವಿಗೆ ಸವರಿದೆವು.

ನಮ್ಮ ಕಾಯಿ ಹಳದಿಯಾಗಿ ಉದುರಿತು. ಅವಳದು ನಿಂತಿತು.

ಮಾವ ಈಗ ಹಗಲೆಲ್ಲ ಅವಳ ಹಿತ್ತಲಲ್ಲೇ ಕೂರುತ್ತಾರೆ, ಮುಷ್ಟಿಗಾತ್ರದ ಕಾಯಿಗೆ ಕಾವಲು. ಊಟದ ತಟ್ಟೆ ಹಿಡಿದು ನಾನೇ ಆ ಬಾಗಿಲು ದಾಟುತ್ತೇನೆ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ? ಆದರೂ ಅವರು ತಟ್ಟೆ ಖಾಲಿ ಮಾಡುವವರೆಗೆ ಅಲ್ಲೇ ನಿಂತಿರುತ್ತೇನೆ.

“ಇನ್ನೊಂದು ಸ್ವಲ್ಪ ಇದೆಯೇನಮ್ಮ?” ಎಂದರು ಇವತ್ತು. ತರಲು ಮನೆಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಅಕ್ಕ ತನ್ನ ಪಾತ್ರೆಯಿಂದಲೇ ಬಡಿಸಿಬಿಟ್ಟಿದ್ದಳು.