ಬಾಯಿ ಅಳತೆ

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಗುಟ್ಟಾಗಿ ಏನಾದ್ರೂ ತಿಂತಿದ್ದೀರಾ?"

ದಾರದ ಉಂಡೆಗೆ ಒರಗಿಸಿಟ್ಟಿದ್ದ ಫೋನಿನೊಳಗಿಂದ ಕೋಚ್ ಹುಡುಗಿ ಕೇಳಿದಳು. ಅವಳ ಸುತ್ತ ಸಣ್ಣ ಸಣ್ಣ ಚೌಕಗಳಲ್ಲಿ ಏಳೆಂಟು ಮುಖಗಳು. ಎಲ್ಲರೂ ಮೈ ಬಂದವರೇ, ಎಲ್ಲರಿಗೂ ಬಿಪಿ. ಹೊಟ್ಟೆ ಇಳಿಸಲೆಂದು ಆಸ್ಪತ್ರೆಯವರೇ ಈ ಗುಂಪು ಕಟ್ಟಿ, ವಾರಕ್ಕೊಮ್ಮೆ ಹೀಗೆ ಫೋನಿನಲ್ಲಿ ಕೂಡಿಸುತ್ತಿದ್ದರು.

ಟೇಲರ್ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ. "ಏನೂ ಇಲ್ಲಮ್ಮ. ಟೀಗೆ ಸಕ್ಕರೆ ಕೂಡ ಹಾಕ್ತಿಲ್ಲ. ಬೇಕಾದ್ರೆ ಇವಳನ್ನೇ ಕೇಳಿ."

"ಬಿಪಿ ಸ್ವಲ್ಪ ಇಳಿದಿದೆ. ಆದ್ರೆ ಹೊಟ್ಟೆ ಸುತ್ತಳತೆ ಶುರುವಿಗಿಂತ ಒಂದಿಂಚು ಜಾಸ್ತಿ ಆಗಿದೆ. ಒಂದಕ್ಕೊಂದು ಹೊಂದ್ತಾನೇ ಇಲ್ಲ. ಮುಂದಿನ ವಾರ ಡಾಕ್ಟರಿಗೆ ರಿಪೋರ್ಟ್ ಹೋಗ್ಬೇಕು. ಹೀಗೇ ಇದ್ರೆ ಇನ್ನೊಂದು ಮಾತ್ರೆ ಸೇರಿಸ್ತಾರೇನೋ."

"ಹೆದರ್ಬೇಡಿ ಟೇಲರೇ," ಎಂದರು ಮೂಲೆಯ ಚೌಕದಲ್ಲಿದ್ದ ಬ್ಯಾಂಕಿನ ಮೇಡಂ. ಅವರು ಅಂಗಡಿಯ ಹಳೆಯ ಗಿರಾಕಿ. "ಇಳಿಯೋದು ನಿಧಾನ. ಏರೋದು ಮಾತ್ರ ಲಿಫ್ಟಲ್ಲಿ."

ಎಲ್ಲರೂ ನಕ್ಕರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಮಾತ್ರ ನಗಲಿಲ್ಲ. ಆಸ್ಪತ್ರೆಯಲ್ಲಿ ಮೊದಲ ಸಲ ಅಳೆದದ್ದು ನರ್ಸ್. ಎಷ್ಟೆಂದು ಹೇಳದೆ ಫೋನಿಗೆ ತುಂಬಿಸಿ ಕಳಿಸಿದ್ದಳು, ಇವಳೂ ಕೇಳಿರಲಿಲ್ಲ. ತಿಂಗಳಾದ ಮೇಲೆ ಈ ವಾರ ಇವಳೇ ಟೇಪು ಹಿಡಿದು ಅಳೆದು ಹೇಳಿದ್ದಳು, ಅವನು ಒತ್ತಿದ್ದ. ಒಂದಿಂಚು ಜಾಸ್ತಿ! ಉಪ್ಪು ಕಡಿಮೆ ಮಾಡಿದ್ದು, ಎಣ್ಣೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದು, ಬೆಳಿಗ್ಗೆ ಬೆಳಿಗ್ಗೆ ಅವನನ್ನು ಎಬ್ಬಿಸಿ ಬೀದಿಗೆ ದಬ್ಬಿದ್ದು ಎಲ್ಲ ನೀರಿನಲ್ಲಿ ಹೋಮವಾಯಿತು. ಅವನ ಅಣ್ಣನಿಗೂ ಮೊದಲು ಒಂದು ಮಾತ್ರೆ, ಆಮೇಲೆ ಎರಡು. ಆಮೇಲಿನದನ್ನು ಅವಳು ನೆನೆಯಲು ಹೋಗಲಿಲ್ಲ.

ಅವಳ ಕಣ್ಣಿಗೇನೋ ಅವನು ಇಳಿದಂತೆಯೇ ಕಾಣುತ್ತಿದ್ದ. ಆದರೆ ಲಾಡಿ ಕಟ್ಟುವ ಪೈಜಾಮದಲ್ಲೇ ದಿನ ಕಳೆಯುವ ಮನುಷ್ಯನ ಹೊಟ್ಟೆ ಕಣ್ಣಿಗೆ ಸಿಕ್ಕುವುದು ಅಷ್ಟರಲ್ಲೇ ಇತ್ತು. ಕಣ್ಣು ಮೋಸ ಹೋದೀತು, ಟೇಪು ಹೋಗುವುದಿಲ್ಲ ಎಂಬುದು ಅವಳ ಕಸುಬಿನ ನಂಬಿಕೆ.

ಮರುದಿನ ಅವನು ನಡೆದು ಬಂದಾಗ ಅವಳು ಬಾಗಿಲಲ್ಲೇ ತಡೆದಳು. "ರೀ, ಸ್ವಲ್ಪ ಬಾಯಿ ತೆಗೀರಿ."

"ಯಾಕೆ?"

"ತೆಗೀರಿ ಅಂದ್ರೆ."

ಅವನು ಬಾಯಿ ತೆಗೆದ. ಅವಳು ಮೂಗು ಹತ್ತಿರ ಒಯ್ದಳು. ಹಲ್ಲುಜ್ಜಿದ ಪೇಸ್ಟಿನ ವಾಸನೆ, ಅಷ್ಟೆ.

"ಇನ್ನೇನು, ಪೊಲೀಸ್ ನಾಯಿ ತರಿಸ್ತೀಯಾ?" ಎಂದು ಅವನು ಒಳಗೆ ಹೋದ. ಧ್ವನಿಯಲ್ಲಿ ತಮಾಷೆಯಿತ್ತು, ಮುಖದಲ್ಲಿರಲಿಲ್ಲ.

ಅವಳಿಗೆ ಸಮಾಧಾನವಾಗದೆ, ಗುಂಡಿ ತರುವ ನೆಪದಲ್ಲಿ ತಿರುವಿನ ಬೇಕರಿಗೆ ಹೋಗಿ ಕೇಳಿಯೇಬಿಟ್ಟಳು.

"ಬರ್ತಾರೆ ಅಕ್ಕಾ, ದಿನಾ ಬರ್ತಾರೆ," ಎಂದ ಬೇಕರಿಯವನು. ಅವಳು ಗಾಜಿನ ಕಪಾಟಿನಲ್ಲಿದ್ದ ಬನ್ನುಗಳ ಕಡೆ ನೋಡಿದಳು. "ಒಲೆ ಹತ್ರ ನಿಂತು ಬನ್ನಿನ ವಾಸನೆ ತಗೋತಾರೆ. ಹೋಗ್ತಾರೆ. ವಾಸನೆಗೆ ದುಡ್ಡು ಕೇಳೋಕಾಗತ್ತಾ?"

ಅವಳು ಅರ್ಧ ನಂಬಿದಳು. ಇನ್ನರ್ಧ ಅನುಮಾನ ಉಳಿದೇ ಇತ್ತು. ಆ ವಿಚಾರಣೆಯ ಸುದ್ದಿ ಅವಳಿಗಿಂತ ಮೊದಲು ಮನೆಗೆ ಬಂದಿತ್ತು.

"ಬೇಕರಿಗೂ ಹೋಗಿ ಬಂದ್ಯಾ?" ಅವನು ಕತ್ತರಿ ಕೆಳಗಿಟ್ಟ. "ನಾಲಿಗೆ ಸತ್ತೋಗಿದೆ ನಂದು. ಹಸಿ ಸೌತೆಕಾಯಿ ಕಂಡ್ರೆ ಕಣ್ಣಲ್ಲಿ ನೀರು ಬರತ್ತೆ. ಇಷ್ಟೆಲ್ಲ ಮಾಡಿ ಕಳ್ಳ ಅನ್ನಿಸ್ಕೋಬೇಕಾ? ಈ ವಾರದ್ದೊಂದು ಮುಗೀಲಿ, ಆಮೇಲೆ ನಿನಗೂ ನಿನ್ನ ಫೋನಿಗೂ ಒಂದು ನಮಸ್ಕಾರ."

ಅವಳು ತಂದ ಗುಂಡಿಗಳನ್ನು ಡಬ್ಬಿಗೆ ಸುರಿದಳು. ಕಾರ್ಯಕ್ರಮ ಬಿಟ್ಟನೆಂದರೆ ಇವನು ಮತ್ತೆ ಹಿಡಿಯುವ ಪೈಕಿಯಲ್ಲ.

ಮುಂದಿನ ವಾರ ಕೋಚ್ ಹುಡುಗಿ ಹೊಸದೊಂದು ದಾರಿ ಹುಡುಕಿದ್ದಳು. "ಎಲ್ಲರೂ ಇಲ್ಲೇ, ಕ್ಯಾಮೆರಾ ಮುಂದೇನೇ ಅಳೀರಿ. ಆಂಟಿ, ಅಂಕಲ್‌ದು ನೀವೇ ಅಳೆದು ಹೇಳಿ."

ಟೇಲರ್ ಅಂಗಿ ಎತ್ತಿ ನಿಂತ. ಅವಳು ಟೇಪನ್ನು ಹೊಕ್ಕುಳ ಮೇಲೆ ಹಾಯಿಸಿ, ಬೆರಳಿನಿಂದ ಮಟ್ಟ ನೋಡಿ, ಸ್ಪಷ್ಟವಾಗಿ ಹೇಳಿದಳು. "ನಲವತ್ತೆರಡು."

ಅವನು ಬಗ್ಗಿ ಫೋನಿನಲ್ಲಿ ಒತ್ತಿದ. ಒತ್ತಿದ್ದು ಎಲ್ಲರ ಪರದೆಯಲ್ಲೂ ಮೂಡಿತು. ನಲವತ್ತೈದು.

"ಅಂಕಲ್, ಆಂಟಿ ನಲವತ್ತೆರಡು ಅಂದ್ರಲ್ಲ?"

"ಹೌದಮ್ಮ, ನಲವತ್ತೆರಡು ಅಂದ್ಲು. ಅಂದ್ರೆ ನಲವತ್ತೈದು."

"ಅದ್ಹೇಗೆ?"

"ಅವಳು ಬಾಯಲ್ಲಿ ಹೇಳೋದು ಮೂರು ಕಮ್ಮೀನೇ. ನಾನು ಸೇರಿಸ್ಕೋತೀನಿ. ಇಪ್ಪತ್ತು ವರ್ಷದಿಂದ..."

ಅಷ್ಟಕ್ಕೆ ಅವನ ಬಾಯಿ ನಿಂತಿತು. ಅವಳ ಕೈಯಿಂದ ಟೇಪು ಜಾರಿತು.

ಅಂಗಡಿ ತೆರೆದ ಹೊಸದರಲ್ಲಿ, ಕಾಯುತ್ತಿದ್ದವರೆಲ್ಲರ ಎದುರಿಗೆ ತನ್ನ ಸೊಂಟದಳತೆ ಕೂಗಿದ್ದನ್ನು ಕೇಳಿ ಒಬ್ಬ ಹೆಂಗಸು ಅತ್ತುಬಿಟ್ಟಿದ್ದಳು. ಅಂದಿನಿಂದ ಗಂಡಹೆಂಡಿರಲ್ಲಿ ಒಂದು ಒಪ್ಪಂದ. ಇವಳು ಮೂರಿಂಚು ತಗ್ಗಿಸಿ ಕೂಗುವುದು, ಅವನು ಮೂರಿಂಚು ಸೇರಿಸಿ ಚೀಟಿಗೆ ಬರೆದು ಬಟ್ಟೆಗೆ ಚುಚ್ಚುವುದು. ಇಬ್ಬರೂ ಅದನ್ನು ಬಾಯಿ ಅಳತೆ ಎನ್ನುತ್ತಿದ್ದರು. ಗಿರಾಕಿಗಳು ಖುಷಿಯಾಗಿ ಹೋಗುತ್ತಿದ್ದರು, ಬಟ್ಟೆಯೂ ಮೈಗೆ ಸರಿಯಾಗಿ ಕೂರುತ್ತಿತ್ತು.

"ಅಯ್ಯೋ, ನಿಮಗೆ ಯಾರ್ರೀ ಬಾಯಿ ಅಳತೆ ಹೇಳ್ತಾರೆ?" ಅವಳು ಕ್ಯಾಮೆರಾ ಮರೆತು ಕೂಗಿದಳು. "ಕಟ್ಕೊಂಡ ಗಂಡನ ಹತ್ರ ಎಂಥ ದಾಕ್ಷಿಣ್ಯ? ಇರೋದನ್ನೇ ಹೇಳಿದ್ದೆ!"

"ನನಗೇನು ಗೊತ್ತು? ನಿನ್ನ ಬಾಯಿಂದ ಅಂಕಿ ಬಂತು, ನನ್ನ ಕೈ ತಾನೇ ಸೇರಿಸ್ತು."

ಕೋಚ್ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆಯುತ್ತಿದ್ದಳು. "ಅಂದ್ರೆ ಅಂಕಲ್, ಶುರುವಿನಲ್ಲಿ ನಲವತ್ತನಾಲ್ಕು. ಈಗ ನಲವತ್ತೆರಡು. ಎರಡಿಂಚು ಇಳಿದಿದ್ದೀರಿ! ಬಿಪಿ ಜೊತೆಗೂ ಹೊಂದತ್ತೆ. ರಿಪೋರ್ಟ್ ತಿದ್ದಿ ಕಳಿಸ್ತೀನಿ. ಮಾತ್ರೆ ಮಾತು ಸದ್ಯಕ್ಕೆ ಬರಲ್ಲ."

ಚೌಕಗಳಿಂದ ಚಪ್ಪಾಳೆ ಕೇಳಿತು. ಬ್ಯಾಂಕಿನ ಮೇಡಂ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರ ಮುಖ ಪರದೆಗೆ ಹತ್ತಿರ ಹತ್ತಿರ ಬರುತ್ತಿತ್ತು.

"ಒಂದ್ನಿಮಿಷ. ಹಾಗಾದ್ರೆ ನನ್ನ ಮೂವತ್ತೆಂಟು?"

ಟೇಲರ್ ಛಾವಣಿ ನೋಡಿದ. ಹೆಂಡತಿ ನೆಲ ನೋಡಿದಳು.

"ಮೇಡಂ, ನೆಟ್‌ವರ್ಕ್ ಸರಿ ಇಲ್ಲ," ಎಂದಳು.

"ನೆಟ್‌ವರ್ಕ್ ಚೆನ್ನಾಗೇ ಇದೆ! ಇಷ್ಟು ವರ್ಷ ನಮ್ಮ ತಂಗಿ ಮುಂದೆ ಮೂವತ್ತೆಂಟು, ಮೂವತ್ತೆಂಟು ಅಂತ ಮೆರೆದಿದ್ದೀನಲ್ರೀ ನಾನು!" ಆಮೇಲೆ ತಾವೇ ನಕ್ಕುಬಿಟ್ಟರು. "ಹೋಗ್ಲಿ, ತಂಗಿಗೆ ಹೇಳ್ಬೇಡಿ. ಅವಳೂ ನಿಮ್ಮ ಹತ್ರಾನೇ ಹೊಲಿಸೋದು."

ಫೋನು ಆರಿತು. ಅವನು ಅಂಗಿ ಕೆಳಗೆಳೆದುಕೊಂಡು, ಕತ್ತರಿ ಹಿಡಿದು ಕೆಲಸಕ್ಕೆ ನಿಂತ. ನಮಸ್ಕಾರದ ಮಾತು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಅವಳು ಒಳಗೆ ಹೋಗಿ, ಬಿಗಿಯಾಯಿತೆಂದು ಅವನು ಬಿಟ್ಟಿದ್ದ ಬೂದುಬಣ್ಣದ ಪ್ಯಾಂಟನ್ನು ಪೆಟ್ಟಿಗೆಯ ತಳದಿಂದ ತಂದು ಕೊಡವಿದಳು.

"ಹಾಕ್ಕೊಳ್ಳಿ."

"ಈಗ್ಯಾಕೆ?"

"ಸೊಂಟದಲ್ಲಿ ಹಿಡಿದು ಬಿಗಿ ಮಾಡ್ಬೇಕು. ನೋಡೋಣ ಎಷ್ಟು ಅಂತ."

ಅವನು ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದ. ಗುಂಡಿ ಎಳೆಯದೆಯೇ ಹಾಕಲು ಬಂತು. ಅವಳು ಸೊಂಟಪಟ್ಟಿಯೊಳಗೆ ಎರಡು ಬೆರಳು ತೂರಿಸಿದಳು. ಆಮೇಲೆ ನಾಲ್ಕು. ಆಮೇಲೆ ಇಡೀ ಅಂಗೈ ಹೋಯಿತು.

"ಉಸಿರು ಎಳ್ಕೊಂಡಿದ್ದೀರಾ?"

"ಇಲ್ಲ ಕಣೇ."

"ಬಿಡಿ ನೋಡೋಣ."

ಅವನು ಬಿಟ್ಟ. ಎಳೆದುಕೊಂಡ, ಮತ್ತೆ ಬಿಟ್ಟ. ಬಾಗಿಲಲ್ಲಿ ಯಾರೋ ಗಿರಾಕಿ ಬಂದು ನಿಂತರು. ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದ ಅವಳು ತಿರುಗಿ ನೋಡಲಿಲ್ಲ. ಬಟ್ಟೆಗೂ ಹೊಟ್ಟೆಗೂ ನಡುವೆ ಅವಳ ಅಂಗೈ ಅವನ ಉಸಿರಿನ ಜೊತೆಗೆ ಮೆಲ್ಲಗೆ ಏರುತ್ತ, ಇಳಿಯುತ್ತ ಇತ್ತು.